‘ರೇಜ್’ ಬಂದದ್ದು ನಮ್ಮ ‘ರೇಗು’ವಿನಿಂದಲಾ?

ಪ್ರಶ್ನೆ: ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನವೆಂಬರ್ 11ರ ಓಬವ್ವ ಜಯಂತಿಗೆ ಮಕ್ಕಳಿಂದ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದ್ದೆವು. ಒಬ್ಬ ಹುಡುಗಿ, ಓಬವ್ವ ‘ರೇಜ್’ನಲ್ಲಿ ಶತ್ರುಗಳನ್ನು ಕೊಂದಳು ಅಂತ ಬರೆದಿದ್ದಳು. ತಿದ್ದಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರೆ ನಮ್ಮ ಕನ್ನಡ ಮೇಷ್ಟ್ರು, ‘ರೇಜ್ ಅನ್ನೋದು ನಮ್ಮ ರೇಗು ಪದವೇ, ಬ್ರಿಟಿಷರು ಇಲ್ಲಿಂದ ತಗೊಂಡು ಹೋದರು’ ಅಂದರು. ಇದು ನಿಜಾನಾ? ರೇಜ್ ಪದ ಹುಟ್ಟಿದ್ದು ಹೇಗೆ, ಅದರ ಸರಿಯಾದ ಅರ್ಥ ಏನು? ಆಂಗರ್, ಫ್ಯೂರಿ, ರಾತ್ ಎಲ್ಲಾ ಒಂದೇನಾ?

ಉತ್ತರ: ಮೇಡಂ, ಮೊದಲು ನಿಮ್ಮ ಕನ್ನಡ ಮೇಷ್ಟ್ರ ಮಾತಿಗೆ ಬರುತ್ತೇನೆ. ರೇಜ್ ಪದ ರೇಗುವಿನಿಂದ ಬಂದಿಲ್ಲ. ಎರಡಕ್ಕೂ ಯಾವ ನಂಟೂ ಇಲ್ಲ. ಆದರೆ ಅವರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ರೇಗ್’ ಅಂತಲೇ ಬಾಯಿಗೆ ಬರುತ್ತದೆ. ಅರ್ಥ ನೋಡಿದರೆ ಅಲ್ಲೂ ಸಿಟ್ಟು, ಇಲ್ಲೂ ಸಿಟ್ಟು. ಇದೇ ಮಾತನ್ನು ನನಗೆ ಬಹಳ ಜನ ಹೇಳಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರ ಬರೆಯುತ್ತಿದ್ದೇನೆ.

ರೇಜ್ ಹುಟ್ಟಿದ್ದು ಒಂದು ಕಾಯಿಲೆಯ ಹೆಸರಿನಿಂದ. ಆ ಹೆಸರು ನಿಮಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಿಂದ ಹಿಡಿದು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ, ನಾಯಿ ಕಚ್ಚಿಸಿಕೊಂಡವರು ಕೇಳಿಕೊಂಡು ಹೋಗುವ ಲಸಿಕೆ ಇದೆಯಲ್ಲ, ರೇಬೀಸ್ ಲಸಿಕೆ. ಆ ರೇಬೀಸೇ ರೇಜ್‌ನ ತಾಯಿ. ಲ್ಯಾಟಿನ್ ಭಾಷೆಯಲ್ಲಿ ‘ರಬೇರೆ’ ಅಂದರೆ ಹುಚ್ಚು ಹಿಡಿಯುವುದು, ಹುಚ್ಚೆದ್ದು ಕೂಗಾಡುವುದು. ಅದರಿಂದ ‘ರಬಿಯೇಸ್’. ಈ ಪದಕ್ಕೆ ರೋಮನ್ನರ ಬಾಯಲ್ಲಿ ಎರಡು ಅರ್ಥ ಇದ್ದವು. ನಾಯಿಗೆ ಬರುವ ಹುಚ್ಚು ಒಂದು. ಮನುಷ್ಯನಿಗೆ ಬುದ್ಧಿ ಕೆಡುವಷ್ಟು ಬರುವ ಸಿಟ್ಟು ಇನ್ನೊಂದು. ಅವರಿಗೆ ಇವು ಬೇರೆ ಬೇರೆ ಅನ್ನಿಸಿರಲಿಲ್ಲ.

ರೋಮನ್ ಸಾಮ್ರಾಜ್ಯ ಹೋದ ಮೇಲೆ ಲ್ಯಾಟಿನ್ ಊರೂರಿನ ಆಡುಮಾತಾಗಿ ಒಡೆಯಿತು. ಜನರ ಬಾಯಲ್ಲಿ ರಬಿಯೇಸ್ ಸವೆದು ‘ರಬಿಯಾ’ ಆಯಿತು. ಅದು ಹಳೆಯ ಫ್ರೆಂಚಿನಲ್ಲಿ ‘ರಾಜ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಫ್ರೆಂಚ್ ಅಲ್ಲಿನ ದೊರೆಗಳ, ಕೋರ್ಟಿನ ಭಾಷೆ ಆಯಿತು. ನಮ್ಮಲ್ಲಿ ಅರ್ಜಿ, ದಫ್ತರ, ಜಮೀನು ಅಂತ ಫಾರ್ಸಿ ಪದಗಳು ಆಡಳಿತದ ಜೊತೆ ಬಂದವಲ್ಲ, ಹಾಗೇ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. ಸುಮಾರು 1300ರ ಹೊತ್ತಿಗೆ ರೇಜ್ ಪದ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತದೆ. ಆಗ ಹಂಪಿಯಲ್ಲಿ ವಿಜಯನಗರ ಇನ್ನೂ ಕಟ್ಟಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದು 1600ರಲ್ಲಿ. ಕಂಪನಿಯ ಜನ ನಮ್ಮ ಕಡೆ ಬಂದು ಯಾರಾದರೂ ರೇಗಾಡುವುದನ್ನು ಕೇಳಿ ಪದ ಕಲಿತರು ಅನ್ನುವುದಕ್ಕೆ ಕಾಲವೇ ಹೊಂದುವುದಿಲ್ಲ.

ಮೇಷ್ಟ್ರು ಇಲ್ಲೊಂದು ಪ್ರಶ್ನೆ ಎತ್ತಬಹುದು. ರಬಿಯಾದಲ್ಲಿ ಬಕಾರ ಇದೆ, ರೇಜ್‌ನಲ್ಲಿ ಜಕಾರ ಇದೆ, ಅದು ಹೇಗೆ ಅಂತ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಅವರ ಹತ್ತಿರವೇ ಇದೆ. ತತ್ಸಮ ತದ್ಭವ ಪಾಠ ಮಾಡುವಾಗ ಅವರು ಸಂಧ್ಯಾ ಹೋಗಿ ಸಂಜೆ ಆಯಿತು ಅಂತ ಹೇಳಿಕೊಡುತ್ತಾರೆ. ವಿದ್ಯೆ ಬಿಜ್ಜೆ ಆಯಿತು ಅಂತ ಹೇಳಿಕೊಡುತ್ತಾರೆ. ಧಕಾರ, ದಕಾರಗಳ ನಂತರ ಯಕಾರ ಬಂದಾಗ, ಎರಡೂ ಸೇರಿ ಜಕಾರ ಆಗಿಬಿಡುತ್ತದೆ. ನಾಲಿಗೆಗೆ ಅದು ಸುಲಭ. ಫ್ರೆಂಚರ ನಾಲಿಗೆಯೂ ಅದೇ ಕೆಲಸ ಮಾಡಿತು. ರಬಿಯಾವನ್ನು ಬೇಗ ಬೇಗ ಅಂದರೆ ‘ರಬ್ಯಾ’ ಆಗುತ್ತದೆ. ಆ ಬ್ಯಕಾರ ಜಕಾರವಾಯಿತು.

ಇದು ಒಂದು ಪದಕ್ಕೆ ಮಾತ್ರ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಸಾಲುಸಾಲಾಗಿ ಆಗಿದೆ. ಲ್ಯಾಟಿನ್ನಿನ ‘ಕಂಬಿಯಾರೆ’ ಫ್ರೆಂಚ್ ದಾರಿಯಲ್ಲಿ ಬಂದು ಇಂಗ್ಲಿಷಿನ ಚೇಂಜ್ ಆಯಿತು. ‘ಕಾವೆಯಾ’ ಕೇಜ್ ಆಯಿತು, ಅಂದರೆ ಪಂಜರ. ಕೆಂಪು ಎಂಬ ಅರ್ಥದ ‘ರುಬೆಯುಸ್’ ಫ್ರೆಂಚಿನಲ್ಲಿ ರೂಜ್ ಆಯಿತು, ಕೆನ್ನೆಗೆ ಹಚ್ಚುವ ಬಣ್ಣಕ್ಕೆ ಇವತ್ತಿಗೂ ಅದೇ ಹೆಸರು. ಪದಗಳ ಹುಟ್ಟು ಹುಡುಕುವವರು ನಂಬುವುದು ಇಂಥ ಸಾಲನ್ನು. ಒಂದೇ ಬದಲಾವಣೆ ಹತ್ತು ಕಡೆ ಒಂದೇ ಥರ ಆಗಿರಬೇಕು. ಕಿವಿಗೆ ಒಂದೇ ಥರ ಕೇಳಿಸುತ್ತದೆ ಅನ್ನುವುದು ಸಾಕ್ಷಿ ಅಲ್ಲ.

ಕಿವಿ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಭಾಗದಲ್ಲಿ ಎಂಬಬರಂ ಅಂತ ಒಂದು ಬುಡಕಟ್ಟು ಭಾಷೆ ಇತ್ತು. ಅದರಲ್ಲಿ ನಾಯಿಗೆ ‘ಡಾಗ್’ ಅನ್ನುತ್ತಿದ್ದರು. ಇಂಗ್ಲಿಷಿನಿಂದ ಬಂದದ್ದಲ್ಲ, ಅವರದೇ ಪದ. ಸುತ್ತಲಿನ ಭಾಷೆಗಳ ಜೊತೆ ಹೋಲಿಸಿ ಅದು ಹೇಗೆ ಹಾಗಾಯಿತು ಅಂತ ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಮನೆಯೊಳಗಿನ ಉದಾಹರಣೆ ಬೇಕಿದ್ದರೆ ಎಂಟು ನೋಡಿ. ಇಂಗ್ಲಿಷಿನಲ್ಲಿ ಏಟ್, ಕನ್ನಡದಲ್ಲಿ ಎಂಟು. ಎಷ್ಟು ಹತ್ತಿರ! ಆದರೆ ಏಟ್‌ನ ನಂಟರು ಲ್ಯಾಟಿನ್ನಿನ ಆಕ್ಟೋ ಮತ್ತು ಸಂಸ್ಕೃತದ ಅಷ್ಟ. ಎಂಟಿನ ನಂಟರು ತಮಿಳಿನ ಎಟ್ಟು, ತೆಲುಗಿನ ಎನಿಮಿದಿ. ಕೇಳಲು ದೂರ ಅನ್ನಿಸುವ ಅಷ್ಟವೇ ಏಟ್‌ಗೆ ಬಂಧು, ಪಕ್ಕದಲ್ಲೇ ನಿಂತಂತಿರುವ ಎಂಟು ಅಲ್ಲ.

ಇಂಗ್ಲಿಷರು ನಮ್ಮ ಕಡೆಯಿಂದ ಪದಗಳನ್ನು ತೆಗೆದುಕೊಂಡೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತೆಲುಗಿನ ಪಂದಿಕೊಕ್ಕು, ಅಂದರೆ ದೊಡ್ಡ ಹೆಗ್ಗಣ, ಇಂಗ್ಲಿಷಿನ ಬ್ಯಾಂಡಿಕೂಟ್ ಆಗಿದೆ. ತಮಿಳಿನ ಕಟ್ಟುಮರಂ ಕ್ಯಾಟಮರಾನ್ ಆಗಿದೆ. ತೇಗದ ಮರದ ಟೀಕ್ ಕೂಡ ದಕ್ಷಿಣದ್ದೇ. ಆದರೆ ಇವೆಲ್ಲ ಅವರ ನಾಡಿನಲ್ಲಿ ಇಲ್ಲದ ವಸ್ತುಗಳ ಹೆಸರು. ಸಿಟ್ಟು ಅವರ ಹತ್ತಿರವೂ ಬೇಕಾದಷ್ಟಿತ್ತು. ಹೆಸರು ತರಿಸಿಕೊಳ್ಳುವ ಅಗತ್ಯ ಇರಲಿಲ್ಲ.

ಹಾಗಾದರೆ ರೇಜ್‌ಗೆ ಭಾರತದಲ್ಲಿ ನಂಟರೇ ಇಲ್ಲವಾ? ಒಬ್ಬರು ಇರಬಹುದು. ರಭಸ! ಸಂಸ್ಕೃತದಲ್ಲಿ ‘ರಭಸ್’ ಅಂದರೆ ತಡೆಯಲಾಗದ ಬಲ, ಉಗ್ರವಾದ ನುಗ್ಗಾಟ. ವೇದಕಾಲದ ಪದ ಅದು. ಲ್ಯಾಟಿನ್ನಿನ ರಬಿಯೇಸ್ ಮತ್ತು ಈ ರಭಸ್ ಒಂದೇ ಬೇರಿನವು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಎಲ್ಲರೂ ಒಪ್ಪಿದ ಮಾತಲ್ಲ ಇದು, ಆದರೂ ಗಟ್ಟಿ ವಾದವೇ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ನಿಮಗೆ ನೆನಪಿರುತ್ತದೆ. 1933ರ ನಂತರ ಅದೇ ಮೊದಲು. ಕೋಡಿಯಲ್ಲಿ ಹರಿಯುವ ಅಂಥ ನೀರಿಗೆ ನಾವು ‘ನೀರಿನ ರಭಸ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವವರು ಅದೇ ನೀರಿಗೆ ‘ರೇಜಿಂಗ್ ವಾಟರ್ಸ್’ ಅನ್ನುತ್ತಾರೆ. ಆ ವಿದ್ವಾಂಸರ ವಾದ ಸರಿ ಇದ್ದರೆ, ಎರಡೂ ಭಾಷೆಯವರು ಒಂದೇ ಪದ ಹೇಳಿದಂತಾಯಿತು. ನಿಮ್ಮ ಮೇಷ್ಟ್ರಿಗೆ ಇದನ್ನು ಖಂಡಿತ ಹೇಳಿ.

ಇನ್ನು ನಮ್ಮ ರೇಗು. ಇದರ ಕಥೆ ಬೇರೆಯೇ ಇದೆ, ಅದೂ ಸ್ವಾರಸ್ಯವಾಗಿಯೇ ಇದೆ. ಮೂಲ ದ್ರಾವಿಡ ಪದಗಳು ರಕಾರದಿಂದ ಶುರುವಾಗುತ್ತಿರಲಿಲ್ಲ. ಈಗಲೂ ನೋಡಿ, ನಾವು ಎರಡು ಅನ್ನುತ್ತೇವೆ, ತಮಿಳರು ಇರಂಡು ಅನ್ನುತ್ತಾರೆ. ಮುಂದೆ ಒಂದು ಸ್ವರ ಇದ್ದೇ ಇರುತ್ತದೆ. ತೆಲುಗು ಆ ಸ್ವರವನ್ನು ಒಳಗೆ ತಳ್ಳಿ ರೆಂಡು ಮಾಡಿತು. ಹೀಗಾಗಿ ರಕಾರದಿಂದ ಶುರುವಾಗುವ ದ್ರಾವಿಡ ಪದ ಕಂಡರೆ ಮೊದಲು ತೆಲುಗಿನ ಕಡೆ ನೋಡಬೇಕು. ಅಲ್ಲಿ ರೇಗು ಇದೆ, ಜೀವಂತವಾಗಿದೆ. ನಿಮ್ಮ ಜಿಲ್ಲೆಯಲ್ಲೇ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಇದ್ದಾರೆ. ಅವರನ್ನು ಕೇಳಿ. ‘ದುಮ್ಮು ರೇಗಿಂದಿ’ ಅಂದರೆ ಧೂಳೆದ್ದಿತು. ‘ಗೊಡವ ರೇಗಿಂದಿ’ ಅಂದರೆ ಗಲಾಟೆ ಎದ್ದಿತು. ಬೆಂಕಿ ಭುಗಿಲೆದ್ದರೆ ‘ಮಂಟಲು ಚೆಲರೇಗಾಯಿ’. ಇಲ್ಲೆಲ್ಲ ರೇಗು ಅಂದರೆ ಮೇಲೆ ಏಳುವುದು. ಸಿಟ್ಟು ಅನ್ನುವುದು ಅದರ ಒಂದು ಬಳಕೆ ಅಷ್ಟೆ.

ಕನ್ನಡದಲ್ಲಿ ಧೂಳು ರೇಗುವುದಿಲ್ಲ, ಮನುಷ್ಯರೇ ರೇಗಬೇಕು. ನಾವು ಅದನ್ನು ಸಿಟ್ಟಿಗೆ ಮಾತ್ರ ಇಟ್ಟುಕೊಂಡೆವು. ಆದರೆ ಸಿಟ್ಟು ಮೇಲೇಳುವ ವಸ್ತು ಅನ್ನುವ ಭಾವನೆ ಕನ್ನಡದ ತುಂಬ ಇದೆ. ಜನ ರೊಚ್ಚಿಗೆದ್ದರು ಅನ್ನುತ್ತೇವೆ, ಸಿಡಿದೆದ್ದರು ಅನ್ನುತ್ತೇವೆ. ಸಿಟ್ಟು ನೆತ್ತಿಗೇರಿತು ಅನ್ನುತ್ತೇವೆ. ನಮ್ಮ ಸಿಟ್ಟು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಲ್ಯಾಟಿನ್ನಿನ ರಬಿಯೇಸ್‌ನಲ್ಲಿ ಈ ಏರುವ ಚಿತ್ರವೇ ಇಲ್ಲ. ಅದು ಹೊರಗಿನಿಂದ ಬಂದು ಹಿಡಿಯುತ್ತದೆ, ಒಳಗೆ ಸೇರಿ ಬುದ್ಧಿಯನ್ನು ಕೆಡಿಸುತ್ತದೆ.

ರೇಜ್‌ನ ಅರ್ಥ ತಿಳಿಯಲು ಈ ವ್ಯತ್ಯಾಸ ಮುಖ್ಯ. ಆದ್ದರಿಂದ ಕಾಯಿಲೆಯ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ರೇಬೀಸ್ ವೈರಸ್ ಕಚ್ಚಿದ ಜಾಗದಿಂದ ನರಗಳ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಅದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಮಿದುಳು ಮುಟ್ಟಿದ ಮೇಲೆ ಪ್ರಾಣಿಯ ನಡತೆಯೇ ಬದಲಾಗುತ್ತದೆ. ಮನೆಯಲ್ಲಿ ಸಾಕಿದ ನಾಯಿ, ಅನ್ನ ಹಾಕಿದ ಕೈಯನ್ನೇ ಕಚ್ಚುತ್ತದೆ. ಎದುರಿಗೆ ಬಂದವರು ಯಾರು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಮನುಷ್ಯರಲ್ಲಿ ಈ ಕಾಯಿಲೆಗೆ ಎರಡು ರೂಪ ಇವೆ. ಒಂದು ಸುಮ್ಮನೆ ಕೈಕಾಲು ಸೋತುಹೋಗುವ ರೂಪ. ಇನ್ನೊಂದು ಕೆರಳುವ, ನೀರು ಕಂಡರೆ ಗಂಟಲು ಹಿಡಿದುಕೊಳ್ಳುವ ರೂಪ. ಎರಡನೆಯದಕ್ಕೆ ಡಾಕ್ಟರುಗಳು ಇವತ್ತಿಗೂ ‘ಫ್ಯೂರಿಯಸ್ ರೇಬೀಸ್’ ಅನ್ನುತ್ತಾರೆ. ಸಿಟ್ಟಿನ ಎರಡು ಲ್ಯಾಟಿನ್ ಪದಗಳು ಒಂದೇ ರೋಗದ ಹೆಸರಿನಲ್ಲಿ ಸೇರಿಕೊಂಡಿವೆ.

ಪದದ ಮಾತು ಆಡುತ್ತಾ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಿಮ್ಮ ಮಕ್ಕಳಿಗೂ ಹೇಳಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ, ಹೇಳಿದಷ್ಟೂ ಇಂಜೆಕ್ಷನ್ ಮುಗಿಸಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ತೀರಾ ಅಪರೂಪ.

ಫ್ರೆಂಚರು ಈ ಪದವನ್ನು ಇನ್ನೂ ಎರಡು ಭಾಗ ಮಾಡಿಲ್ಲ. ಅವರ ಭಾಷೆಯಲ್ಲಿ ಇವತ್ತಿಗೂ ರೇಬೀಸ್ ರೋಗದ ಹೆಸರು ‘ರಾಜ್’, ಹುಚ್ಚು ಸಿಟ್ಟಿನ ಹೆಸರೂ ‘ರಾಜ್’. 1885ರ ಜುಲೈ 6ರಂದು ಲೂಯಿ ಪಾಶ್ಚರ್, ನಾಯಿ ಕಚ್ಚಿಸಿಕೊಂಡಿದ್ದ 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಿಸಿ ಉಳಿಸಿದರು. ಆ ಲಸಿಕೆಯ ಬಗ್ಗೆ ಅವರು ತಮ್ಮ ಭಾಷೆಯಲ್ಲಿ ಬರೆಯುವಾಗ ಬಳಸಿದ ಪದ ರಾಜ್. ಜರ್ಮನ್ನರಲ್ಲಿ ‘ವೂಟ್’ ಅಂದರೆ ಭಾರಿ ಸಿಟ್ಟು, ‘ಟೋಲ್‌ವೂಟ್’ ಅಂದರೆ ರೇಬೀಸ್. ಹಳೆಯ ಗ್ರೀಕರಲ್ಲಿ ‘ಲಿಸ್ಸಾ’ ಅಂದರೆ ನಾಯಿಯ ಹುಚ್ಚೂ ಹೌದು, ಯುದ್ಧದಲ್ಲಿ ವೀರನಿಗೆ ಬರುವ ಹುಚ್ಚು ಆವೇಶವೂ ಹೌದು. ರೇಬೀಸ್ ವೈರಸ್ ಇರುವ ಗುಂಪಿಗೆ ವಿಜ್ಞಾನಿಗಳು ಲಿಸ್ಸಾವೈರಸ್ ಅಂತ ಹೆಸರಿಟ್ಟದ್ದು ಅಲ್ಲಿಂದಲೇ.

ಇಂಗ್ಲಿಷಿಗೆ ಬಂದಾಗಲೂ ರೇಜ್‌ಗೆ ಹುಚ್ಚು ಅನ್ನುವ ಅರ್ಥ ಇತ್ತು. ಮತಿಗೆಟ್ಟ ಸ್ಥಿತಿ, ಹುಚ್ಚು ಕೆರಳುವುದು, ಆಮೇಲೆ ಭಾರಿ ಸಿಟ್ಟು. ಕಾಲ ಕಳೆದ ಹಾಗೆ ಹುಚ್ಚಿನ ಅರ್ಥ ಹಿಂದೆ ಸರಿದು ಸಿಟ್ಟಿನ ಅರ್ಥ ಮುಂದೆ ಬಂತು. ರೋಗಕ್ಕೆ ಬೇರೆ ಹೆಸರು ಬೇಕಾದಾಗ ಲ್ಯಾಟಿನ್ನಿನ ರೇಬೀಸ್ ಅನ್ನು ನೇರವಾಗಿ ತಂದುಕೊಂಡರು. ಹೀಗೆ ತಾಯಿ ಪದವೂ ಮಗಳು ಪದವೂ ಒಂದೇ ಭಾಷೆಯಲ್ಲಿ ಉಳಿದವು. ಹುಚ್ಚುನಾಯಿಗೆ ಹೇಳುವ ‘ರ್‍ಯಾಬಿಡ್’ ಕೂಡ ಇದೇ ಮನೆಯದು.

ಹಳೆಯ ಅರ್ಥ ಪೂರ್ತಿ ಹೋಗಿಲ್ಲ. ತಡೆಯಲಾಗದ ಹಲ್ಲುನೋವಿಗೆ ಇಂಗ್ಲಿಷರು ‘ರೇಜಿಂಗ್’ ಅನ್ನುತ್ತಾರೆ. ಬಿರುಗಾಳಿ, ಕಾಡಿನ ಬೆಂಕಿ, ಸಮುದ್ರ, ಎಲ್ಲವೂ ಅವರಲ್ಲಿ ರೇಜ್ ಆಗುತ್ತವೆ. ಇದು ನಮಗೆ ಹೊಸದೇನಲ್ಲ. ಹುಣ್ಣು ಕೆರಳಿತು ಅನ್ನುತ್ತೇವೆ, ಮನುಷ್ಯ ಕೆರಳಿದ ಅಂತಲೂ ಅನ್ನುತ್ತೇವೆ. ಆಯುರ್ವೇದದಲ್ಲಿ ಪಿತ್ತದ ಪ್ರಕೋಪ ಇದೆ, ಪೇಪರಿನಲ್ಲಿ ಪ್ರಕೃತಿ ವಿಕೋಪ ಇದೆ. ಎರಡರಲ್ಲೂ ಇರುವುದು ಕೋಪವೇ. ಕಾಯಿಲೆ, ಪ್ರಕೃತಿ, ಮನುಷ್ಯನ ಸಿಟ್ಟು ಮೂರಕ್ಕೂ ಒಂದೇ ಪದ ಹಾಕುವ ಅಭ್ಯಾಸ ಎರಡೂ ಕಡೆ ಇದೆ. ಪದಗಳ ಬೇರು ಬೇರೆಯಾದರೂ ಯೋಚನೆ ಒಂದೇ ದಾರಿ ಹಿಡಿದಿದೆ. ನನಗೆ ಬಹಳ ಇಷ್ಟವಾಗುವ ಸಂಗತಿ ಇದು.

18ನೇ ಶತಮಾನದ ಕೊನೆಯ ಹೊತ್ತಿಗೆ ರೇಜ್ ಇನ್ನೊಂದು ಅರ್ಥ ಪಡೆಯಿತು. ಎಲ್ಲರೂ ಮುಗಿಬಿದ್ದ ಫ್ಯಾಶನ್‌ಗೆ ‘ಆಲ್ ದ ರೇಜ್’ ಅನ್ನತೊಡಗಿದರು. ಇದರಲ್ಲಿ ಸಿಟ್ಟು ಎಲ್ಲಿದೆ ಅಂತ ಮಕ್ಕಳು ಕೇಳಬಹುದು. ಸಿಟ್ಟು ಇಲ್ಲ, ಹುಚ್ಚು ಇದೆ. ಅವನಿಗೆ ಸಿನಿಮಾ ಹುಚ್ಚು, ಇವಳಿಗೆ ಸೀರೆ ಹುಚ್ಚು ಅನ್ನುತ್ತೇವಲ್ಲ, ಅದೇ ಹುಚ್ಚು.

ಉಳಿದ ಮೂರು ಪದಗಳು. ಆಂಗರ್ ಫ್ರೆಂಚಿನದಲ್ಲ, ಉತ್ತರದ ವೈಕಿಂಗರ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ ದುಃಖ, ಸಂಕಟ. ಅದರ ಬೇರಿಗೆ ಬಿಗಿಯುವುದು, ಇಕ್ಕಟ್ಟಾಗುವುದು ಅನ್ನುವ ಅರ್ಥ ಇದೆ. ಎದೆ ಹಿಡಿದುಕೊಳ್ಳುವ ಆಂಜೈನಾ, ಮನಸ್ಸು ಹಿಡಿದುಕೊಳ್ಳುವ ಆಂಕ್ಸೈಟಿ ಅದೇ ಬೇರಿನವು. ಇವತ್ತು ಆಂಗರ್ ಅಂದರೆ ಎಲ್ಲ ಬಗೆಯ ಸಿಟ್ಟು, ಸಣ್ಣದು ದೊಡ್ಡದು ಎರಡೂ. ರಾತ್ ಹಳೆಯ ಇಂಗ್ಲಿಷಿನದೇ ಪದ. ತಿರುಚುವುದು ಅನ್ನುವ ಅರ್ಥದ ಬೇರಿನಿಂದ ಬಂದಿದೆ. ಅದು ದೊಡ್ಡವರ ಕೋಪ. ದೇವರದ್ದು, ರಾಜನದ್ದು. ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವ ಹಕ್ಕು ಅದರ ಹಿಂದೆ ಇರುತ್ತದೆ. ಕನ್ನಡದಲ್ಲಿ ಋಷಿಗಳ ಕೋಪ ಅಂದರೆ ಬರುವ ಗಾಂಭೀರ್ಯ ಅದರಲ್ಲಿದೆ. ಫ್ಯೂರಿ ರೇಜ್‌ಗೆ ಬಹಳ ಹತ್ತಿರ. ಲ್ಯಾಟಿನ್ನಿನ ‘ಫುರಿಯಾ’, ಅದೂ ಹುಚ್ಚಾವೇಶವೇ. ಆದರೆ ರೋಮನ್ನರಲ್ಲಿ ಫ್ಯೂರಿಗಳು ಅಂತ ಸೇಡಿನ ದೇವತೆಗಳಿದ್ದರು. ಪಾಪ ಮಾಡಿದವರ ಬೆನ್ನು ಬಿಡದೆ ಅಟ್ಟಿಸಿಕೊಂಡು ಹೋಗುವವರು. ಹಾಗಾಗಿ ಫ್ಯೂರಿಗೆ ಒಂದು ಗುರಿ ಇರಬಹುದು, ಅದು ಒಬ್ಬರ ಬೆನ್ನು ಹತ್ತಬಲ್ಲದು.

ರೇಜ್‌ಗೆ ಗುರಿ ಇಲ್ಲ. ಎದುರಿಗಿರುವವರು ಯಾರು ಅನ್ನುವುದನ್ನೇ ಮರೆತ ಸಿಟ್ಟು ಅದು. ಕೈಗೆ ಸಿಕ್ಕಿದ್ದನ್ನು ಎಸೆಯುವ, ಏನು ಮಾಡುತ್ತಿದ್ದೇನೆ ಅಂತ ಗೊತ್ತಿಲ್ಲದ ಸಿಟ್ಟು. ಹುಟ್ಟಿದ ಕಾಯಿಲೆಯ ಗುಣ ಏಳು ನೂರು ವರ್ಷ ಆದರೂ ಆ ಪದವನ್ನು ಬಿಟ್ಟಿಲ್ಲ. ಕನ್ನಡದಲ್ಲಿ ಅದಕ್ಕೆ ತೀರ ಹತ್ತಿರದ್ದು ಹುಚ್ಚು ಕೋಪ, ಇಲ್ಲವೇ ರೊಚ್ಚು.

ಈ ಅರ್ಥ ಇಟ್ಟುಕೊಂಡು ಓಬವ್ವನ ಕಥೆ ನೋಡಿ. ದಾವಣಗೆರೆಯವರಾದ ನಾವೂ 1997ರವರೆಗೆ ಚಿತ್ರದುರ್ಗ ಜಿಲ್ಲೆಯವರೇ. ಓಬವ್ವ ಎರಡೂ ಊರಿನವರ ಹೆಮ್ಮೆ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲಿನ ಮುದ್ದಹನುಮ ಮನೆಗೆ ಬಂದು ಊಟಕ್ಕೆ ಕೂತಿದ್ದಾನೆ. ನೀರು ತರಲು ಹೋದ ಓಬವ್ವನಿಗೆ ಕಿಂಡಿಯಿಂದ ಶತ್ರುಗಳು ನುಸುಳುವುದು ಕಾಣುತ್ತದೆ. ಗಂಡನ ಊಟ ಕೆಡಿಸುವುದು ಬೇಡ ಅಂತ ಯೋಚಿಸುತ್ತಾಳೆ. ಒನಕೆ ತರುತ್ತಾಳೆ. ಕಿಂಡಿಯ ಪಕ್ಕ ನಿಲ್ಲುತ್ತಾಳೆ. ಒಬ್ಬನ ತಲೆ ಹೊರಗೆ ಬರುವವರೆಗೆ ಕಾಯುತ್ತಾಳೆ, ಹೊಡೆಯುತ್ತಾಳೆ. ಹಿಂದೆ ಬರುವವನಿಗೆ ಅನುಮಾನ ಬರಬಾರದು ಅಂತ ಹೆಣ ಪಕ್ಕಕ್ಕೆ ಎಳೆಯುತ್ತಾಳೆ. ಮತ್ತೆ ಕಾಯುತ್ತಾಳೆ.

ಇದರಲ್ಲಿ ಬುದ್ಧಿ ಕೆಟ್ಟ ಸಿಟ್ಟು ಎಲ್ಲಿದೆ ಹೇಳಿ. ಓಬವ್ವನಿಗೆ ಎಲ್ಲವೂ ಗೊತ್ತಿದೆ. ಎಲ್ಲಿ ನಿಲ್ಲಬೇಕು, ಯಾವಾಗ ಹೊಡೆಯಬೇಕು, ಯಾರಿಗೆ ಹೊಡೆಯುತ್ತಿದ್ದೇನೆ, ಯಾಕೆ ಹೊಡೆಯುತ್ತಿದ್ದೇನೆ. ರೇಜ್ ಇದ್ದಿದ್ದರೆ ಮೊದಲ ಸೈನಿಕನನ್ನು ಕಂಡಾಗಲೇ ಕೂಗಾಡಿ ಮೇಲೆ ಬೀಳುತ್ತಿದ್ದಳು. ಉಳಿದವರು ಎಚ್ಚರ ಆಗುತ್ತಿದ್ದರು, ದಾರಿ ಬದಲಿಸುತ್ತಿದ್ದರು. ಅವತ್ತು ಕೋಟೆ ಉಳಿದದ್ದು ಅವಳ ತಾಳ್ಮೆಯಿಂದ, ಅವಳ ಲೆಕ್ಕಾಚಾರದಿಂದ. ನಮ್ಮ ಹಳೆಯ ರಸಶಾಸ್ತ್ರದಲ್ಲೂ ಈ ಭೇದ ಇದೆ. ರೌದ್ರ ರಸಕ್ಕೆ ಮೂಲ ಕ್ರೋಧ. ವೀರ ರಸಕ್ಕೆ ಮೂಲ ಉತ್ಸಾಹ. ಓಬವ್ವನನ್ನು ಚಿತ್ರದಲ್ಲಿ, ಪ್ರತಿಮೆಯಲ್ಲಿ ಕಣ್ಣು ಕೆಂಪು ಮಾಡಿ ರೌದ್ರವಾಗಿ ತೋರಿಸುವುದು ಜಾಸ್ತಿ. ಕಥೆಯಲ್ಲಿ ಮಾತ್ರ ಅವಳು ಅಪ್ಪಟ ವೀರ ರಸದವಳು.

ಹಾಗಾಗಿ ಆ ವಾಕ್ಯವನ್ನು ತಿದ್ದಿ, ಮೇಡಂ. ಅಂಕ ಮಾತ್ರ ಕಡಿಮೆ ಮಾಡಬೇಡಿ. ಹೈಸ್ಕೂಲು ಹುಡುಗಿ ಆಂಗರ್ ಸಾಲದು, ಇನ್ನೂ ಬಲವಾದ ಪದ ಬೇಕು ಅಂತ ಹುಡುಕಿದ್ದಾಳೆ. ಆ ಹುಡುಕಾಟಕ್ಕೆ ಬೆಲೆ ಕೊಡಬೇಕು. ರೇಜ್ ಬದಲು ‘ಕರೇಜ್’ ಬರೆಯಲು ಹೇಳಿ. ಕರೇಜ್ ಬಂದದ್ದು ಹೃದಯ ಅನ್ನುವ ಅರ್ಥದ ಲ್ಯಾಟಿನ್ ಪದ ‘ಕೋರ್’ನಿಂದ. ನಾವು ಎದೆಗಾರಿಕೆ ಅನ್ನುತ್ತೇವೆ, ಅವರು ಕರೇಜ್ ಅನ್ನುತ್ತಾರೆ. ಎರಡೂ ಎದೆಯಿಂದಲೇ ಹೊರಟಿವೆ. ಸಿಟ್ಟೂ ಕಾಣಬೇಕು ಅಂತ ಅವಳು ಹಟ ಹಿಡಿದರೆ ರಾತ್ ಆಗಬಹುದು. ಊರನ್ನು ಕಾಯುವವಳ ಕೋಪ ಅದು, ಅದಕ್ಕೆ ಹಕ್ಕಿದೆ.

ಕರೇಜ್ ಬರೆಸಿದಾಗ ಚುರುಕಿನ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅದರ ಸ್ಪೆಲಿಂಗ್‌ನ ಕೊನೆಯಲ್ಲಿ ರೇಜ್ ಇದೆಯಲ್ಲ ಸಾರ್, ಮೇಡಂ ಅಂತ. ಅದು ರೇಜ್ ಅಲ್ಲ. ಕೊನೆಯ ‘ಏಜ್’ ಫ್ರೆಂಚಿನ ಒಂದು ಪ್ರತ್ಯಯ. ವಿಲೇಜ್, ಮ್ಯಾರೇಜ್, ಲಗೇಜ್‌ಗಳಲ್ಲಿ ಇರುವುದೂ ಅದೇ. ಇದೇ ಕಾರಣಕ್ಕೆ ‘ಔಟ್‌ರೇಜ್’ ಪದದಲ್ಲೂ ರೇಜ್ ಇಲ್ಲ, ಔಟ್ ಕೂಡ ಇಲ್ಲ! ಇದನ್ನು ಕೇಳಿದವರು ಸುಲಭಕ್ಕೆ ನಂಬುವುದಿಲ್ಲ. ಹಳೆಯ ಫ್ರೆಂಚಿನ ‘ಊತ್ರ’ ಅಂದರೆ ಆಚೆಗೆ, ಮೀರಿ. ಲ್ಯಾಟಿನ್ನಿನ ಅಲ್ಟ್ರಾದಿಂದ ಬಂದದ್ದು. ಅದಕ್ಕೆ ಏಜ್ ಪ್ರತ್ಯಯ ಸೇರಿ ಔಟ್‌ರೇಜ್ ಆಯಿತು. ಮೂಲ ಅರ್ಥ ಮಿತಿ ಮೀರಿದ ನಡತೆ. ಇಂಗ್ಲಿಷಿಗೆ ಬಂದ ಮೇಲೆ ಜನ ಅದನ್ನು ಔಟ್ ಮತ್ತು ರೇಜ್ ಅಂತ ಒಡೆದು ನೋಡಿದರು, ಹಾಗೆಯೇ ಉಚ್ಚರಿಸಿದರು, ಸಿಟ್ಟಿನ ಅರ್ಥವನ್ನೂ ಹಚ್ಚಿದರು. ನಿಮ್ಮ ಮೇಷ್ಟ್ರು ರೇಜ್‌ನಲ್ಲಿ ರೇಗು ಕಂಡದ್ದೂ, ಇಂಗ್ಲಿಷರೇ ಔಟ್‌ರೇಜ್‌ನಲ್ಲಿ ರೇಜ್ ಕಂಡದ್ದೂ ಒಂದೇ ಬಗೆಯ ಕೆಲಸ. ಎಲ್ಲ ಭಾಷೆಯ ಜನರೂ ಹೀಗೆ ಮಾಡುತ್ತಾರೆ.

ಇವತ್ತಿನ ಬಳಕೆಯ ಬಗ್ಗೆ ಎರಡು ಮಾತು. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ‘ರೋಡ್ ರೇಜ್’ ಹುಟ್ಟಿತು. ಗಾಡಿ ತಾಗಿದ ಸಣ್ಣ ಕಾರಣಕ್ಕೆ ರಸ್ತೆಯಲ್ಲೇ ಹೊಡೆದಾಟಕ್ಕೆ ಇಳಿಯುವುದು. ಕನ್ನಡ ಪೇಪರುಗಳೂ ಈಗ ಹಾಗೇ ಬರೆಯುತ್ತವೆ. ಇಲ್ಲಿ ಪದ ಸರಿಯಾಗಿ ಕೂತಿದೆ, ಆ ಕ್ಷಣದಲ್ಲಿ ಎದುರಿನವರು ಮನುಷ್ಯರು ಅನ್ನುವುದೇ ಮರೆತಿರುತ್ತದೆ. ಆಕ್ಸ್‌ಫರ್ಡ್ ನಿಘಂಟಿನವರು 2025ರ ವರ್ಷದ ಪದವಾಗಿ ಆರಿಸಿದ್ದು ‘ರೇಜ್ ಬೈಟ್’. ಜನರನ್ನು ಬೇಕಂತಲೇ ರೊಚ್ಚಿಗೆಬ್ಬಿಸಿ, ಲೈಕು, ಕಾಮೆಂಟು ಜಾಸ್ತಿ ಮಾಡಿಕೊಳ್ಳಲು ಹಾಕುವ ಪೋಸ್ಟು. ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಪದ ಗೊತ್ತಿದ್ದರೂ ಗೊತ್ತಿರಬಹುದು. ಬೈಟ್ ಅಂದರೆ ಗಾಳಕ್ಕೆ ಸಿಕ್ಕಿಸುವ ಎರೆ ಅಂತ ಬಿಡಿಸಿ ಹೇಳಿ, ಅರ್ಥ ಮನಸ್ಸಿನಲ್ಲಿ ಉಳಿಯುತ್ತದೆ.

ಕ್ಲಾಸಿನಲ್ಲಿ ಉಪಯೋಗಕ್ಕೆ ಬರುವ ಎರಡು ವಿಷಯ ಬಾಕಿ ಇವೆ. ಒಬ್ಬರು ಸಿಟ್ಟಿನ ಭರದಲ್ಲಿ ಏನೋ ಮಾಡಿದರು ಅನ್ನುವಾಗ ‘ಇನ್ ಎ ರೇಜ್’ ಅನ್ನಬೇಕು, ನಡುವಿನ ‘ಎ’ ಬಿಡಬಾರದು. ನಮ್ಮ ಮಕ್ಕಳು ಅದನ್ನು ಬಿಡುವುದೇ ಹೆಚ್ಚು. ಇನ್ನೊಂದು, ರೇಗಿಸು ಪದಕ್ಕೆ ಇಂಗ್ಲಿಷ್ ಹುಡುಕುವಾಗ ಮಕ್ಕಳು ‘ಎನ್‌ರೇಜ್’ ಬರೆದುಬಿಡುತ್ತಾರೆ. ಎನ್‌ರೇಜ್ ಅಂದರೆ ಒಬ್ಬರನ್ನು ಹುಚ್ಚು ಕೋಪಕ್ಕೆ ತಳ್ಳುವುದು. ನಮ್ಮ ರೇಗಿಸು ಅಷ್ಟು ದೂರ ಹೋಗುವುದಿಲ್ಲ, ಅದರಲ್ಲಿ ಅರ್ಧ ತಮಾಷೆ ಇರುತ್ತದೆ. ತಮ್ಮ ನನ್ನನ್ನು ರೇಗಿಸಿದ ಅಂತ ಬರೆಯಲು ‘ಟೀಸ್’ ಸಾಕು.